ಮರಳು ನುಗ್ಗಿದ ಮನೆಗಳು: ಕೋಲ್ಮನ್ಸ್‌ಕಾಪ್‌ನಲ್ಲಿ ಫೋಟೊ ತೆಗೆಯುವವರಿಗೆ ಮಾರ್ಗದರ್ಶಿ

ನಮೀಬಿಯಾದ ನೈಋತ್ಯ ಮೂಲೆಯಲ್ಲಿ ಲ್ಯೂಡೆರಿಟ್ಸ್ ಎಂಬ ಬಂದರು ಪಟ್ಟಣ ಇದೆ. ಅದಕ್ಕೆ ಹತ್ತು ಕಿಲೋಮೀಟರ್ ಮೊದಲೇ, ರಸ್ತೆ ಪಕ್ಕದ ದಿಬ್ಬದ ಮೇಲೆ, ಜರ್ಮನ್ ಶೈಲಿಯ ದೊಡ್ಡ ದೊಡ್ಡ ಮನೆಗಳು ಮರಳಲ್ಲಿ ಅರ್ಧ ಹೂತು ನಿಂತಿವೆ. ಅದೇ ಕೋಲ್ಮನ್ಸ್‌ಕಾಪ್. ಪಾಳು ಕಟ್ಟಡಗಳ ಫೋಟೊ ಇಷ್ಟಪಡುವವರು ಈ ಊರಿನ ಚಿತ್ರ ಒಂದಾದರೂ ನೋಡಿರುತ್ತೀರಿ. ನೀಲಿ ಗೋಡೆ, ಬಾಗಿಲು, ಬಾಗಿಲ ಅರ್ಧದವರೆಗೆ ಮರಳು.

ಊರಿನ ಕಥೆ ಗೊತ್ತಿದ್ದರೆ ಏನನ್ನು ತೆಗೆಯಬೇಕು ಅನ್ನುವುದೂ ಗೊತ್ತಾಗುತ್ತದೆ. 1908ರ ಏಪ್ರಿಲ್‌ನಲ್ಲಿ ಇಲ್ಲಿನ ರೈಲು ಹಳಿ ಮೇಲಿನ ಮರಳು ತೆಗೆಯುತ್ತಿದ್ದ ಜಕಾರಿಯಾಸ್ ಲೆವಾಲಾ ಎಂಬ ಕೆಲಸಗಾರರಿಗೆ ಒಂದು ಹೊಳೆಯುವ ಕಲ್ಲು ಸಿಕ್ಕಿತು. ಅವರು ಅದನ್ನು ಮೇಲಧಿಕಾರಿ ಆಗಸ್ಟ್ ಸ್ಟೌಖ್‌ಗೆ ತೋರಿಸಿದರು. ಅದು ವಜ್ರವಾಗಿತ್ತು. ಆಗ ಈ ನಾಡು ಜರ್ಮನಿಯ ವಸಾಹತು. ಕೆಲವೇ ವರ್ಷಗಳಲ್ಲಿ ಹನಿ ನೀರಿಲ್ಲದ ಜಾಗದಲ್ಲಿ ಆಸ್ಪತ್ರೆ, ಶಾಲೆ, ವಿದ್ಯುತ್ ಸ್ಥಾವರ, ಐಸ್ ಫ್ಯಾಕ್ಟರಿ, ನಾಟಕ ಆಡುವ ಹಾಲ್ ಎಲ್ಲವೂ ಎದ್ದವು. ಕುಡಿಯುವ ನೀರು ಕೇಪ್‌ಟೌನ್‌ನಿಂದ ಹಡಗಲ್ಲಿ ಬರುತ್ತಿತ್ತು. 1928ರಲ್ಲಿ ದಕ್ಷಿಣಕ್ಕೆ, ಆರೆಂಜ್ ನದಿ ಸಮುದ್ರ ಸೇರುವ ಕಡೆ ಇನ್ನೂ ದೊಡ್ಡ ನಿಕ್ಷೇಪ ಸಿಕ್ಕಿತು. ಜನ ಒಬ್ಬೊಬ್ಬರಾಗಿ ಗಂಟು ಕಟ್ಟಿದರು. 1956ರ ಹೊತ್ತಿಗೆ ಊರು ಪೂರ್ತಿ ಖಾಲಿ.

ಆಮೇಲೆ ಬಂದದ್ದು ಮರಳು. ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಮರಳಿನ ಮಾತೇ ಆಡುತ್ತೇನೆ. ಬಣ್ಣ ಕಿತ್ತ ಗೋಡೆ, ಮುರಿದ ಕಿಟಕಿ ಎಲ್ಲ ಊರಿನಲ್ಲೂ ಸಿಗುತ್ತವೆ. ಇಲ್ಲಿ ತೆಗೆಯಬೇಕಾದದ್ದು ಮರಳು ಮನೆಯೊಳಗೆ ಹೇಗೆ ಬಂತು, ಎಲ್ಲಿ ನಿಂತಿತು, ಈಗ ಎತ್ತ ಹೊರಟಿದೆ ಎನ್ನುವುದನ್ನು.

ಮೊದಲು ಪರ್ಮಿಟ್

ಟಿಕೆಟ್ ಎರಡು ಥರ ಇದೆ. ಸಾಮಾನ್ಯ ಟಿಕೆಟ್ ತೆಗೆದುಕೊಂಡರೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಒಳಗಿರಬಹುದು. ಗೈಡ್ ಜೊತೆಗಿನ ಸುತ್ತೂ ಅದರಲ್ಲೇ ಸೇರುತ್ತದೆ. ಇನ್ನೊಂದು ಫೋಟೊ ಪರ್ಮಿಟ್. ಅದಕ್ಕೆ ಜಾಸ್ತಿ ದುಡ್ಡು, ಆದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಇರಬಹುದು. ಬೆಳಗಿನ ಜಾವ ಗೇಟಿನಲ್ಲಿ ಅದು ಸಿಗುತ್ತದೆ ಅಂದುಕೊಳ್ಳಬೇಡಿ, ಹಿಂದಿನ ದಿನವೇ ಲ್ಯೂಡೆರಿಟ್ಸ್‌ನಲ್ಲಿ ಮಾಡಿಸಿಟ್ಟುಕೊಳ್ಳಿ. ದರವೂ ಸಮಯವೂ ಬದಲಾಗುತ್ತಿರುತ್ತವೆ. ನೀವು ಉಳಿದುಕೊಳ್ಳುವ ಹೋಟೆಲಿನವರನ್ನು ಮೊದಲೇ ಕೇಳಿ.

ಯಾವುದು ಬೇಕು ಎನ್ನುವುದು ತಿಂಗಳಿನ ಮೇಲೆ ನಿಂತಿದೆ. ಜೂನ್‌ನಲ್ಲಿ ಅಲ್ಲಿ ಚಳಿಗಾಲ. ಸೂರ್ಯ ಹುಟ್ಟುವಾಗಲೇ ಸುಮಾರು ಏಳೂ ಮುಕ್ಕಾಲು ಗಂಟೆ. ಹಾಗಾಗಿ ಸಾಮಾನ್ಯ ಟಿಕೆಟ್‌ನಲ್ಲೂ ಬೆಳಗಿನ ಎಳೆ ಬಿಸಿಲು ಸಿಗುತ್ತದೆ. ಡಿಸೆಂಬರ್‌ನಲ್ಲಿ ಸುಮಾರು 6 ಗಂಟೆಗೇ ಬೆಳಕು ಹರಿದು, ಗೇಟು ತೆಗೆಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಇನ್ನೊಂದು ವಿಷಯ. ಅಲ್ಲಿನ ಗಡಿಯಾರದಲ್ಲಿ 1 ಗಂಟೆ ಆದಾಗ ಸೂರ್ಯ ತನ್ನ ಅತಿ ಎತ್ತರದಲ್ಲಿ ಇರುತ್ತಾನೆ. ಅಂದರೆ ಸಾಮಾನ್ಯ ಟಿಕೆಟ್‌ನವರಿಗೆ ಪಶ್ಚಿಮದ ಕಿಟಕಿಗಳಿಂದ ಬರುವ ಬಿಸಿಲು ನೋಡಲು ಸಿಗುವುದೇ ಇಲ್ಲ. ಅರ್ಧ ಊರಿನ ಬೆಳಕು ತಪ್ಪಿಹೋಯಿತು ಅಂತಲೇ ಲೆಕ್ಕ. ಅಷ್ಟು ದೂರ ಹೋಗಿ ಇಲ್ಲಿ ದುಡ್ಡು ಉಳಿಸಬೇಡಿ, ಪರ್ಮಿಟ್ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.

ಒಂದು ಎಚ್ಚರಿಕೆ. ಇದು ವಜ್ರದ ಪ್ರದೇಶ. 1908ರಲ್ಲೇ ಜರ್ಮನ್ ಸರ್ಕಾರ ಸುತ್ತಲಿನ ದೊಡ್ಡ ಪ್ರದೇಶವನ್ನು ಸ್ಪೆರ್‌ಗೆಬೀಟ್ ಎಂಬ ಹೆಸರಲ್ಲಿ ನಿಷೇಧಿತ ವಲಯ ಮಾಡಿತು. 2008ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಆಯಿತು. ಊರಿನ ಗಡಿ ದಾಟಿ ಮರುಭೂಮಿ ಕಡೆ ನಡೆಯಬೇಡಿ. ನೆನಪಿಗೆ ಇರಲಿ ಅಂತ ಒಂದು ಸಣ್ಣ ಕಲ್ಲು ಕೂಡ ಜೇಬಿಗೆ ಹಾಕಬೇಡಿ. ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ.

ದಾರಿ ಮತ್ತು ಗಾಳಿ

ರಾಜಧಾನಿ ವಿಂಡ್‌ಹುಕ್‌ನಿಂದ ಕೀಟ್‌ಮನ್ಸ್‌ಹೂಪ್, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಆಸ್, ಆಮೇಲೆ ಲ್ಯೂಡೆರಿಟ್ಸ್. ಒಂದೇ ದಿನದಲ್ಲಿ ಮುಗಿಸುವ ದಾರಿ ಅಲ್ಲ, ನಡುವೆ ಒಂದು ರಾತ್ರಿ ತಂಗಿ. ನಮ್ಮ ಹಾಗೆ ಅವರೂ ಎಡಗಡೆಯೇ ಗಾಡಿ ಓಡಿಸುತ್ತಾರೆ, ಹಾಗಾಗಿ ಬಾಡಿಗೆ ಕಾರು ನಮಗೆ ಕಷ್ಟವಾಗುವುದಿಲ್ಲ. ಆಸ್ ಬಿಟ್ಟ ಮೇಲೆ ಲ್ಯೂಡೆರಿಟ್ಸ್‌ವರೆಗೆ ಸುಮಾರು 125 ಕಿಲೋಮೀಟರ್ ಬರೀ ಮರುಭೂಮಿ. ಆಸ್‌ನಲ್ಲೇ ಪೆಟ್ರೋಲ್ ತುಂಬಿಸಿ.

ಈ ಕೊನೆಯ ಹಾದಿಯಲ್ಲಿ ಮಧ್ಯಾಹ್ನದ ಗಾಳಿ ಮರಳನ್ನು ಹೊತ್ತು ರಸ್ತೆಗೆ ಅಡ್ಡ ಬೀಸುತ್ತದೆ. ಕಾರಿನ ಬಣ್ಣವನ್ನೂ ಗಾಜನ್ನೂ ಉಜ್ಜಿ ಮಂಜು ಮಾಡಿಬಿಡುತ್ತದೆ. ಬಾಡಿಗೆ ಕಾರಿನ ಮಾಮೂಲಿ ವಿಮೆಯಲ್ಲಿ ಮರಳಿನ ಹಾನಿ ಸೇರಿದೆಯಾ ಅಂತ ಕಾಗದ ಓದಿ ನೋಡಿ, ಇಲ್ಲದಿದ್ದರೆ ಸೇರಿಸಿಕೊಳ್ಳಿ. ಆಸ್‌ನಿಂದ ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು.

ಗಾಳಿ ಜಾಸ್ತಿ ಇರುವುದು ಅಲ್ಲಿನ ಬೇಸಿಗೆಯಲ್ಲಿ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ದಕ್ಷಿಣದಿಂದ, ನೈಋತ್ಯದಿಂದ ಬೀಸುತ್ತದೆ. ಬೆಳಿಗ್ಗೆ ಸುಮ್ನೆ ಇದ್ದು ಮಧ್ಯಾಹ್ನ ಎದ್ದು ನಿಲ್ಲುತ್ತದೆ. ಮೇಯಿಂದ ಆಗಸ್ಟ್ ನಡುವೆ ಸ್ವಲ್ಪ ಶಾಂತ. ಕಡಲಿನಲ್ಲಿ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಇರುವುದರಿಂದ ಬೆಳಿಗ್ಗೆ ಮಂಜು ಕವಿಯುವುದುಂಟು. ಮರುಭೂಮಿ ಅಂತ ತೆಳು ಶರ್ಟಲ್ಲಿ ಹೋದರೆ ನಡುಗುತ್ತೀರಿ. ಮಂಜು ಬಂದರೆ ಬೇಸರ ಬೇಡ. ಬಿಸಿಲಿನ ದಿನ ಕಿಟಕಿ ಉರಿದು ಕೋಣೆ ಕಪ್ಪಾಗುತ್ತದೆ, ಮಂಜಿನ ದಿನ ಆ ವ್ಯತ್ಯಾಸ ತಾನಾಗಿಯೇ ಕಡಿಮೆ ಆಗಿ ಗೋಡೆಯ ಬಣ್ಣ ತುಂಬಾ ಚೆನ್ನಾಗಿ ಬರುತ್ತದೆ.

ಅಲ್ಲಿ ಸೂರ್ಯ ಉತ್ತರಕ್ಕೆ

ಕರ್ನಾಟಕದವರಿಗೆ ದಕ್ಷಿಣದ ಕಿಟಕಿ ಅಂದರೆ ಬಿಸಿಲಿನ ಕಿಟಕಿ. ವರ್ಷದ ಹೆಚ್ಚಿನ ದಿನ ಸೂರ್ಯ ನಮಗೆ ದಕ್ಷಿಣಕ್ಕೆ ವಾಲಿರುತ್ತಾನೆ. ಕೋಲ್ಮನ್ಸ್‌ಕಾಪ್ ಮಕರ ಸಂಕ್ರಾಂತಿ ವೃತ್ತಕ್ಕಿಂತ ಕೆಳಗಿದೆ. ಅಲ್ಲಿ ವರ್ಷವಿಡೀ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿ. ಜೂನ್‌ನಲ್ಲಂತೂ ನಡು ಮಧ್ಯಾಹ್ನದಲ್ಲೂ ಸುಮಾರು 40 ಡಿಗ್ರಿಗಿಂತ ಮೇಲೆ ಏರುವುದಿಲ್ಲ.

ಇದರಿಂದ ಕೆಲಸ ಹೇಗೆ ಹಂಚಿಕೊಳ್ಳಬೇಕು ಅನ್ನುವುದು ಸಿಕ್ಕಿಬಿಡುತ್ತದೆ. ಬೆಳಿಗ್ಗೆ ಪೂರ್ವದ ಕಿಟಕಿ ಇರುವ ಕೋಣೆಗಳು. ಆಮೇಲೆ ಉತ್ತರದ ಕೋಣೆಗಳು, ಅಲ್ಲಿ ಕಿಟಕಿಯ ಚೌಕಟ್ಟಿನ ನೆರಳು ಮರಳಿನ ಮೇಲೆ ಬೀಳುತ್ತದೆ. ಸಂಜೆಗೆ ಪಶ್ಚಿಮ. ದಕ್ಷಿಣದ ಕಿಟಕಿ ಇರುವ ಕೋಣೆಗಳನ್ನು ಬಿಸಿಲು ಕಟುವಾದ ಹೊತ್ತಿಗೆ ಇಟ್ಟುಕೊಳ್ಳಿ, ಅಲ್ಲಿ ಮೆತ್ತನೆ ಬೆಳಕು ಗಂಟೆಗಟ್ಟಲೆ ಹಾಗೇ ಇರುತ್ತದೆ. ಫೋನಿನ ದಿಕ್ಸೂಚಿ ತೆಗೆದು ಮೊದಲ ಸುತ್ತಿನಲ್ಲೇ ಯಾವ ಕೋಣೆ ಯಾವ ದಿಕ್ಕು ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.

ಹೊರಡುವ ಮುನ್ನ ಅಭ್ಯಾಸ

ಕತ್ತಲೆ ಕೋಣೆ ಮತ್ತು ಉರಿಯುವ ಕಿಟಕಿ ಒಂದೇ ಫ್ರೇಮಿನಲ್ಲಿ ಇದ್ದರೆ ಏನಾಗುತ್ತದೆ ಎಂದು ತಿಳಿಯಲು ಆಫ್ರಿಕಾವರೆಗೆ ಹೋಗಬೇಕಿಲ್ಲ. ಊರಿನ ಹಳೇ ಹಂಚಿನ ಮನೆಯ ಅಟ್ಟ ಸಾಕು. ಮರಳಲ್ಲಿ ಟ್ರೈಪಾಡ್ ನಿಲ್ಲಿಸುವುದನ್ನು ತಲಕಾಡಿನ ಹೊಳೆ ದಂಡೆಯಲ್ಲಿ ಕಲಿಯಬಹುದು. ದೇವಸ್ಥಾನಗಳ ಆವರಣದಲ್ಲಾದರೆ ಟ್ರೈಪಾಡ್‌ಗೆ ಅನುಮತಿ ಕೇಳಿ.

ನಮೀಬಿಯಾ ಸದ್ಯಕ್ಕೆ ಆಗದ ಮಾತು ಅನ್ನುವವರಿಗೆ ರಾಜಸ್ಥಾನದ ಕುಲಧರಾ ಇದೆ. ಜೈಸಲ್ಮೇರ್‌ನಿಂದ ಅರ್ಧ ಗಂಟೆಯ ದಾರಿ. ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಬೇಚರಾಕ್ ಊರು. ಅಲ್ಲಿನ ಹೆಚ್ಚಿನ ಮನೆಗಳಿಗೆ ಸೂರೇ ಇಲ್ಲ. ಹಾಗಾಗಿ ಒಳಗಿನ ಬೆಳಕಿನ ಆಟ ಕಡಿಮೆ. ಗೋಡೆಗಳ ಸಾಲು, ಓಣಿ, ನೆರಳಿನ ಕೋನ ಇವೇ ಅಲ್ಲಿನ ಚಿತ್ರ. ಬೆಳಿಗ್ಗೆ ಬೇಗ ಅಥವಾ ಸಂಜೆ ಮಾತ್ರ ಹೋಗಿ. ಮಧ್ಯಾಹ್ನ ಅಲ್ಲಿ ಎಲ್ಲವೂ ಚಪ್ಪಟೆ.

ಬ್ಯಾಗಲ್ಲಿ ಏನಿರಬೇಕು

ಒಂದು ಕ್ಯಾಮೆರಾ, ಒಂದು ವೈಡ್ ಲೆನ್ಸ್. 16-35 ಎಂಎಂ ಅಥವಾ ಅದರ ಹತ್ತಿರದ್ದು. ಗೋಡೆ ಮೇಲಿನ ಸಣ್ಣಪುಟ್ಟ ವಿವರ ತೆಗೆಯಲು ಇನ್ನೊಂದು ಲೆನ್ಸ್ ಬೇಕು ಅನ್ನಿಸಿದರೆ ಅದನ್ನು ಎರಡನೇ ಕ್ಯಾಮೆರಾಗೆ ಹಾಕಿ ತನ್ನಿ. ಮನೆಗಳ ಒಳಗೆ ಲೆನ್ಸ್ ಬದಲಾಯಿಸಲೇಬೇಡಿ. ಗಾಳಿ ಇಲ್ಲ ಅನ್ನಿಸಿದರೂ ಆ ಮರಳಿನ ಪುಡಿ ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಬದಲಾಯಿಸಲೇಬೇಕು ಅಂದರೆ ಕಾರಿಗೆ ಹೋಗಿ, ಕಿಟಕಿ ಏರಿಸಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಬದಲಾಯಿಸಿ. ಯುವಿ ಫಿಲ್ಟರ್ ಬೇಕಾ ಬೇಡವಾ ಅನ್ನುವ ವಾದ ಬೇರೆ ಕಡೆ ಮಾಡೋಣ, ಇಲ್ಲಿ ಹಾಕಿ.

ರಬ್ಬರ್ ಬ್ಲೋವರ್, ಮೆತ್ತನೆ ಬ್ರಷ್ ಇರಲಿ. ಲೆನ್ಸ್ ಮೇಲೆ ಮರಳು ಕೂತರೆ ಮೊದಲು ಬ್ಲೋವರ್, ಆಮೇಲೆ ಬ್ರಷ್, ಕೊನೆಗೆ ಬಟ್ಟೆ. ಮೊದಲೇ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುವುದು ಖಂಡಿತ. ಟ್ರೈಪಾಡ್ ಬೇಕೇ ಬೇಕು. ಅದರ ಅತಿ ಕೆಳಗಿನ ಭಾಗವನ್ನು ಮೊದಲು ಎಳೆದುಕೊಳ್ಳಿ. ಆಗ ತಿರುಪು ಇರುವ ಗಂಟು ಮರಳಿನಿಂದ ಮೇಲೆ ಉಳಿಯುತ್ತದೆ. ಕಾಲುಗಳನ್ನು ಮರಳಿಗೆ ಒತ್ತಿ ಊರಿ, ಎರಡು ಉಸಿರು ಕಾದು, ಆಮೇಲೆ ಕ್ಲಿಕ್ ಮಾಡಿ. ಮರಳು ನಿಧಾನಕ್ಕೆ ಕುಸಿಯುತ್ತದೆ.

ನೀರು, ಟೋಪಿ, ಮುಖಕ್ಕೆ ಮಾಸ್ಕ್, ಕಣಕಾಲು ಮುಚ್ಚುವ ಶೂ, ಒಂದು ಟಾರ್ಚ್. ಇಷ್ಟು ಸಾಕು.

ಫೋನಿನಲ್ಲೇ ತೆಗೆಯುವವರಿಗೂ ಒಂದು ಮಾತು. ಅಲ್ಟ್ರಾ ವೈಡ್ ಬಿಟ್ಟು ಮುಖ್ಯ ಲೆನ್ಸ್ ಬಳಸಿ, ಹಿಂದಕ್ಕೆ ಸರಿದು ತೆಗೆಯಿರಿ. ಕಿಟಕಿಯ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿ. ಫೋನು ತಾನಾಗಿಯೇ ನೆರಳನ್ನೆಲ್ಲ ಎತ್ತಿ ಬೆಳ್ಳಗೆ ಮಾಡಲು ನೋಡುತ್ತದೆ, ಅದಕ್ಕೆ ಬಿಡಬೇಡಿ. ಕೋಣೆಯ ಮೂಲೆ ಕತ್ತಲಾಗಿಯೇ ಇರಲಿ.

ಜೋಪಾನ

ಮಹಡಿ ಮೆಟ್ಟಿಲು ಕಂಡ ಕೂಡಲೇ ಹತ್ತಬೇಡಿ. ಮರದ ಹಲಗೆ ಎಷ್ಟೋ ಕಡೆ ಲಡ್ಡಾಗಿದೆ, ಮೇಲೆ ಮರಳಿನ ಭಾರ ಬೇರೆ. ತಡೆ ಹಾಕಿರುವ ಕಡೆ ಹೋಗಲೇಬೇಡಿ. ಮರಳಿನ ಅಡಿ ಮೊಳೆ, ಗಾಜು ಇರುತ್ತವೆ. ಮರಳು ಏರಿ ಏರಿ ಬಾಗಿಲ ಮೇಲ್ಪಟ್ಟಿ ನಿಮ್ಮ ಎದೆಮಟ್ಟಕ್ಕೆ ಬಂದಿರುತ್ತದೆ, ಬಗ್ಗಿ ದಾಟುವಾಗ ತಲೆ ನೋಡಿಕೊಳ್ಳಿ.

ನಮೀಬ್ ಮರುಭೂಮಿಯಲ್ಲಿ ಪೆರಿಂಗೆ ಆ್ಯಡರ್ ಎಂಬ ಗೇಣುದ್ದದ ವಿಷದ ಹಾವು ಇದೆ. ಅದರ ಕಣ್ಣು ತಲೆಯ ಮೇಲ್ಭಾಗದಲ್ಲಿ. ಮೈ ಪೂರ್ತಿ ಮರಳಲ್ಲಿ ಹೂತುಕೊಂಡು ಕಣ್ಣು ಮಾತ್ರ ಹೊರಗಿಟ್ಟು ಕಾಯುತ್ತದೆ. ಫೋಟೊ ತೆಗೆಯುವವರು ನೆಲಕ್ಕೆ ಮೊಣಕಾಲೂರುತ್ತಾರೆ, ಕೈಯೂರುತ್ತಾರೆ. ಊರುವ ಮುನ್ನ ಆ ಜಾಗವನ್ನು ಒಮ್ಮೆ ನೋಡಿ. ಒಬ್ಬರೇ ಹೋಗಬೇಡಿ, ಇಬ್ಬರಿದ್ದರೆ ಒಳ್ಳೆಯದು.

ಕಾಲಿಡುವ ಮುನ್ನ ಕ್ಯಾಮೆರಾ

ಇದು ಈ ಊರಿನ ಮೊದಲ ನಿಯಮ. ಕೋಣೆಯ ಮರಳಿನ ಮೇಲೆ ಗಾಳಿ ಎಳೆದ ಅಲೆಗಳಿರುತ್ತವೆ. ನಿಮ್ಮ ಒಂದು ಹೆಜ್ಜೆ ಬಿದ್ದರೆ ಆ ಅಲೆ ಹೋಯಿತು. ನಿಮಗೂ ಹೋಯಿತು, ಆ ದಿನ ಬರುವ ಎಲ್ಲರಿಗೂ ಹೋಯಿತು. ಹಾಗಾಗಿ ಪ್ರತಿ ಬಾಗಿಲ ಹೊಸ್ತಿಲಲ್ಲಿ ನಿಲ್ಲಿ. ಅಲ್ಲಿಂದಲೇ ಅಗಲದ ಚಿತ್ರ ತೆಗೆಯಿರಿ. ಆಮೇಲೆ ಗೋಡೆಯ ಅಂಚು ಹಿಡಿದು ಒಳಗೆ ಹೋಗಿ. ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ವಾಪಸ್ ಬನ್ನಿ. ಮರಳಿನ ಇಳಿಜಾರಿನ ಮೇಲೆ ಹತ್ತಿ ಜಾರಬೇಡಿ. ಎಷ್ಟೋ ಜನ ಜಾರುತ್ತಾರೆ, ನೋಡಿದರೆ ಸಂಕಟವಾಗುತ್ತದೆ.

ಮಧ್ಯಾಹ್ನದ ಗಾಳಿ ಹೆಜ್ಜೆಗಳನ್ನು ಅಳಿಸುತ್ತದೆ. ಬೆಳಿಗ್ಗೆ ಮೊದಲು ಒಳಹೋದವರಿಗೆ ಸಿಗುವುದು ಹೊಸದಾಗಿ ಗೀಚಿದ ಮರಳು. ಸಾಧ್ಯವಾದರೆ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಗೈಡ್ ಜೊತೆ ಸುತ್ತಿ, ಕೋಣೆ ಗುರುತಿಸಿ. ಎರಡನೇ ದಿನ ಬೆಳಕು ಹರಿಯುವಾಗಲೇ ನೇರ ಆ ಕೋಣೆಗೆ ಹೋಗಿ. ಗಾಳಿ ಬೀಸದ ಕೋಣೆಗಳಲ್ಲಿ ಹಳೇ ಹೆಜ್ಜೆ ಹಾಗೇ ಇರುತ್ತದೆ. ಅಂಥಲ್ಲಿ ನೆಲ ಬಿಟ್ಟು ಗೋಡೆ, ಕಿಟಕಿ, ಮುರಿದ ಚಾವಣಿಯ ಪಟ್ಟಿಗಳನ್ನು ತೆಗೆಯಿರಿ. ಬ್ರಷ್ ಹಿಡಿದು ಮರಳು ಸಮ ಮಾಡಲು ಹೋಗಬೇಡಿ, ಗಾಳಿ ಮಾಡಿದ ಕೆಲಸ ಕೈಯಲ್ಲಿ ಬರುವುದಿಲ್ಲ.

ಕೆಲವು ಹೆಜ್ಜೆ ಮನುಷ್ಯರದ್ದಲ್ಲ. ಕಂದು ಕತ್ತೆಕಿರುಬ ರಾತ್ರಿ ಈ ಮನೆಗಳ ನಡುವೆ ಓಡಾಡುತ್ತದೆ. 2025ರ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಪ್ರಶಸ್ತಿ ದಕ್ಷಿಣ ಆಫ್ರಿಕಾದ ವಿಮ್ ವ್ಯಾನ್ ಡೆನ್ ಹೀವರ್ ಅವರಿಗೆ ಸಿಕ್ಕಿದ್ದು ಇದೇ ಊರಿನಲ್ಲಿ, ಪಾಳು ಕಟ್ಟಡದ ಮುಂದೆ ಮಂಜಿನಲ್ಲಿ ನಿಂತ ಕತ್ತೆಕಿರುಬದ ಚಿತ್ರಕ್ಕೆ. ಪ್ರಾಣಿ ಎದುರು ಬಂದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು ಅವರು ಹತ್ತು ವರ್ಷ ಪ್ರಯತ್ನಪಟ್ಟಿದ್ದರು. ನಿಮಗೆ ಸಿಗುವುದು ಬಹುಶಃ ಅದರ ಹೆಜ್ಜೆ ಸಾಲು ಮಾತ್ರ. ಪಕ್ಕದಿಂದ ಬೀಳುವ ಎಳೆ ಬಿಸಿಲಲ್ಲಿ ಅದನ್ನೂ ಒಂದು ಚಿತ್ರ ಮಾಡಿಕೊಳ್ಳಿ.

ಒಂದು ಕೋಣೆ, ಒಂದೊಂದೇ ಹಂತ

ಒಂದು ಕೋಣೆಯ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಮೊದಲು ಕ್ಯಾಮೆರಾ ತೆಗೆಯಬೇಡಿ, ನೋಡಿ. ಕಿಟಕಿಯಿಂದ ಒಳಗೆ ಬಿದ್ದ ಮರಳು ಕಣದಲ್ಲಿ ಸುರಿದ ರಾಗಿ ರಾಶಿಯ ಹಾಗೆ ಇಳಿಜಾರಾಗಿ ಹರಡಿದೆ. ಬಾಗಿಲು ಅರ್ಧ ತೆರೆದಿದ್ದಾಗ ಮರಳು ಬಂದು ಹಿಡಿದುಕೊಂಡಿದೆ, ಈಗ ಅದು ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ. ಗೋಡೆಯ ಮೇಲ್ಗಡೆ ಅಚ್ಚು ಹಾಕಿ ಬಳಿದ ಬಣ್ಣದ ಅಂಚುಪಟ್ಟಿ ಇನ್ನೂ ಉಳಿದಿದೆ. ಕೆಳಗೆ, ಮರಳು ತಾಗುವ ಕಡೆ ಬಣ್ಣ ತೇದು ಗಾರೆ ಕಾಣುತ್ತಿದೆ. ಆ ಗೆರೆಗಿಂತ ಒಂದು ಮೊಳ ಮೇಲೆ ಇನ್ನೊಂದು ಮಸುಕು ಗೆರೆ ಇದೆಯಾ ನೋಡಿ. ಹಿಂದೊಮ್ಮೆ ಮರಳು ಅಷ್ಟು ಎತ್ತರಕ್ಕೆ ನಿಂತಿತ್ತು. ನಿಮ್ಮ ಚಿತ್ರದಲ್ಲಿ ಆ ಎರಡೂ ಗೆರೆ ಕಾಣಬೇಕು.

ಈಗ ಟ್ರೈಪಾಡ್ ಹೊಸ್ತಿಲಲ್ಲಿ ಊರಿ. ಕ್ಯಾಮೆರಾ ಮೇಲಕ್ಕೂ ಕೆಳಕ್ಕೂ ವಾಲದೆ ಮಟ್ಟವಾಗಿರಲಿ. ವಾಲಿದರೆ ಬಾಗಿಲ ನಿಲುವುಗಳು ಒಳಕ್ಕೆ ಬೀಳುವಂತೆ ಕಾಣುತ್ತವೆ, ಜನರ ಕಣ್ಣು ಮರಳು ಬಿಟ್ಟು ಅದನ್ನೇ ನೋಡುತ್ತದೆ. ಒಂದು ಬಾಗಿಲ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬಾಗಿಲು ಸಾಲಾಗಿ ಕಂಡರೆ ಸರಿಯಾಗಿ ನಡುವೆ ನಿಲ್ಲಿ. ಒಂದು ಅಂಗುಲ ಪಕ್ಕಕ್ಕೆ ಸರಿದರೂ ಗೊತ್ತಾಗುತ್ತದೆ.

ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/11, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ). ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 20 ಎಂಎಂ ಇಟ್ಟು ಸುಮಾರು 1.2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 60 ಸೆಂಟಿಮೀಟರ್‌ನಿಂದ ಹಿಡಿದು ಕಿಟಕಿಯಾಚೆಯ ದಿಬ್ಬದವರೆಗೂ ಸ್ಪಷ್ಟವಾಗಿ ಬರುತ್ತದೆ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ. ನೀಲಿ ಕೋಣೆಯಿಂದ ಹಳದಿ ಕೋಣೆಗೆ ಹೋದ ಕೂಡಲೇ ಅದು ಮರಳಿನ ಬಣ್ಣವನ್ನೇ ಬದಲಾಯಿಸುತ್ತದೆ. ಹಗಲು ಬೆಳಕಿನ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ.

ಕೋಣೆಗೆ ಸರಿಯಾದ ಬೆಳಕು ಕೊಟ್ಟರೆ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತದೆ. ಕಿಟಕಿಗೆ ಕೊಟ್ಟರೆ ಕೋಣೆ ಕಪ್ಪು. ಅದಕ್ಕೆ ಮೂರು ಚಿತ್ರ ತೆಗೆಯಿರಿ. ಒಂದು ಸರಿಯಾದದ್ದು, ಒಂದು ಎರಡು ಸ್ಟಾಪ್ ಕಡಿಮೆ, ಒಂದು ಎರಡು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ದುಪ್ಪಟ್ಟು). ಬಿಸಿಲು ನೇರ ಬೀಳುತ್ತಿದ್ದರೆ ಐದು. ಮೂರಕ್ಕೂ ಅಪರ್ಚರ್ ಒಂದೇ ಇರಲಿ, ಶಟರ್ ವೇಗ ಮಾತ್ರ ಬದಲಾಗಲಿ. ಟೈಮರ್ ಇಡಿ, ಬೆರಳಿನ ಅದುರು ಬೇಡ.

ಆಸ್ಪತ್ರೆಯ ಉದ್ದನೆ ಕಾರಿಡಾರ್, ಶಿಕ್ಷಕರ ಮನೆ, ಲೆಕ್ಕಿಗರ ಮನೆ, ಗಣಿ ಮ್ಯಾನೇಜರ್ ಮನೆ. ಎಲ್ಲರೂ ಇವಕ್ಕೇ ಮುಗಿಬೀಳುತ್ತಾರೆ. ನೀವೂ ಹೋಗಿ, ಸುಮ್ಮನೆ ಹೆಸರಾಗಿಲ್ಲ ಅವು. ಆದರೆ ಎಲ್ಲ ಮನೆಯಲ್ಲೂ ಹತ್ತತ್ತು ನಿಮಿಷ ಓಡಾಡುವ ಬದಲು ನಾಲ್ಕೈದು ಕೋಣೆ ಆರಿಸಿಕೊಂಡು ಒಂದೊಂದಕ್ಕೆ ಒಂದು ಗಂಟೆ ಕೊಡಿ. ಬಿಸಿಲು ನೆಲದ ಮೇಲೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಮರಳಿನ ಅಲೆಗಳ ಮೇಲೆ ಅದು ಓರೆಯಾಗಿ ಬೀಳುವ ಹೊತ್ತು ತುಂಬಾ ಕಡಿಮೆ, ಅದಕ್ಕೆ ಕಾದು ಕೂರಬೇಕು.

ಕುರ್ಚಿ, ಗೊಂಬೆ, ಹಳೇ ಸೂಟ್‌ಕೇಸ್ ತಂದಿಟ್ಟು ಚಿತ್ರ ಮಾಡುವವರಿದ್ದಾರೆ. ನನಗದು ಒಪ್ಪಿಗೆ ಇಲ್ಲ. ಇಲ್ಲಿ ನಿಜವಾಗಿ ಮನುಷ್ಯರು ಬಾಳಿದ್ದಾರೆ. ಅವರು ಬಿಟ್ಟುಹೋಗದ ವಸ್ತುವನ್ನು ಅವರ ಮನೆಯಲ್ಲಿ ಇಡುವುದು ಸುಳ್ಳು ಹೇಳಿದ ಹಾಗೆ. ಅಲ್ಲಿರುವ ವಸ್ತುವನ್ನೂ ಜರುಗಿಸಬೇಡಿ.

ಯಾರ ಮನೆ ತೆಗೆಯುತ್ತಿದ್ದೇವೆ

ದೊಡ್ಡ ಮನೆಗಳು ಜರ್ಮನ್ ಅಧಿಕಾರಿಗಳದ್ದು. ಮರಳಿನಿಂದ ವಜ್ರ ಆಯುತ್ತಿದ್ದ ಆಫ್ರಿಕನ್ ಕೆಲಸಗಾರರನ್ನು ಬೇರೆ ಕಡೆ ಇರಿಸಿದ್ದರು. ಆಸ್ಪತ್ರೆಯಲ್ಲಿದ್ದ ಎಕ್ಸ್‌ರೇ ಯಂತ್ರವನ್ನು ಈ ಕೆಲಸಗಾರರು ವಜ್ರ ನುಂಗಿದ್ದಾರಾ ಎಂದು ಪರೀಕ್ಷಿಸಲೂ ಬಳಸುತ್ತಿದ್ದರು ಎನ್ನುತ್ತಾರೆ. ಲೆವಾಲಾ ಮರಳು ತೆಗೆಯುತ್ತಿದ್ದ ರೈಲು ಹಾದಿಯಲ್ಲಿ ದುಡಿದವರಲ್ಲಿ ಲ್ಯೂಡೆರಿಟ್ಸ್‌ನ ಶಾರ್ಕ್ ಐಲ್ಯಾಂಡ್ ಸೆರೆಶಿಬಿರದಿಂದ ತಂದ ಹೆರೆರೊ ಮತ್ತು ನಾಮಾ ಎಂಬ ಸ್ಥಳೀಯ ಸಮುದಾಯಗಳ ಕೈದಿಗಳಿದ್ದರು. 1905ರಿಂದ 1907ರವರೆಗೆ ನಡೆದ ಆ ಶಿಬಿರದಲ್ಲಿ ಸಾವಿರಾರು ಜನ ಸತ್ತರು. ಮೊದಲ ವಜ್ರ ಕೊಟ್ಟ ಲೆವಾಲಾಗೆ ಆ ಸಂಪತ್ತಿನಲ್ಲಿ ಪಾಲು ಸಿಗಲಿಲ್ಲ.

ನಾನು ಇದನ್ನು ಫೋಟೊ ಲೇಖನದಲ್ಲಿ ಬರೆಯಲು ಕಾರಣ ಇದೆ. ಬರೀ ನೀಲಿ ಗೋಡೆ ತೆಗೆದು ಬಂದರೆ ಅರ್ಧ ಊರನ್ನಷ್ಟೇ ತೆಗೆದ ಹಾಗೆ. ಗೈಡ್ ಬಳಿ ಕೆಲಸಗಾರರ ವಸತಿ ಎಲ್ಲಿತ್ತು ಅಂತ ಕೇಳಿ. ಲ್ಯೂಡೆರಿಟ್ಸ್‌ಗೆ ಹೋದಾಗ ಶಾರ್ಕ್ ಐಲ್ಯಾಂಡ್‌ಗೂ ಹೋಗಿ.

ವಾಪಸ್ ಬಂದ ಮೇಲೆ

ಅಂದೇ ರಾತ್ರಿ ಫೋಟೊಗಳನ್ನು ಎರಡು ಕಡೆ ಕಾಪಿ ಮಾಡಿ. ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆದು ಒಣಗಿಸಿ. ಕಡಲ ಮಂಜಿನ ಉಪ್ಪು ಮತ್ತು ಮರಳು ಎರಡೂ ಸೇರಿದರೆ ತಿರುಪು ಕಚ್ಚಿಕೊಳ್ಳುತ್ತದೆ. ಲೆನ್ಸಿನ ಜೂಮ್ ಉಂಗುರದಲ್ಲಿ ಕರಕರ ಅಂದರೆ ಬಲವಂತವಾಗಿ ತಿರುಗಿಸಬೇಡಿ, ರಿಪೇರಿಯವರಿಗೆ ಕೊಡಿ.

ಮೂರು ಚಿತ್ರ ಸೇರಿಸುವಾಗ, ಎಲ್ಲವನ್ನೂ ತಾನೇ ಬೆರೆಸುವ ಎಚ್‌ಡಿಆರ್ ಗುಂಡಿ ಒತ್ತಿ ಮುಗಿಸಬೇಡಿ. ನಡುವಿನ ಚಿತ್ರವನ್ನು ತಳಕ್ಕಿಟ್ಟು, ಕಿಟಕಿಯ ಜಾಗಕ್ಕೆ ಮಾತ್ರ ಕಡಿಮೆ ಬೆಳಕಿನ ಚಿತ್ರವನ್ನು ಮಾಸ್ಕ್ ಹಾಕಿ (ಅದರ ಉಳಿದ ಭಾಗ ಮರೆಮಾಡಿ) ತನ್ನಿ. ಕಿಟಕಿ ಕೋಣೆಗಿಂತ ಬೆಳ್ಳಗೇ ಇರಬೇಕು, ಇಲ್ಲದಿದ್ದರೆ ಬೆಳಕು ಎಲ್ಲಿಂದ ಬಂತು ಅಂತ ನೋಡುವವರಿಗೆ ತಿಳಿಯುವುದಿಲ್ಲ. ಬಣ್ಣದ ಸ್ಲೈಡರ್ ಜಾಸ್ತಿ ಎಳೆಯಬೇಡಿ. ಅಲ್ಲಿನ ಮರಳು ಮಾಸಲು ಬಣ್ಣದ್ದು, ಕಿತ್ತಳೆ ಅಲ್ಲ. ನಮೀಬಿಯಾದ ಕೆಂಪು ದಿಬ್ಬಗಳು ಇರುವುದು ಸೊಸಸ್‌ಫ್ಲೇ ಕಡೆ.

ಚಿತ್ರ ಹಂಚಿಕೊಳ್ಳುವಾಗ ಮನೆಯ ಹೆಸರು, ತಿಂಗಳು, ಹೊತ್ತು ಬರೆಯಿರಿ. ಕಿಟಕಿಯ ದಿಕ್ಕನ್ನೂ ಬರೆದರೆ ಮುಂದೆ ಹೋಗುವವರಿಗೆ ಯಾವ ಕೋಣೆಗೆ ಯಾವಾಗ ಹೋಗಬೇಕು ಅಂತ ನೇರವಾಗಿ ತಿಳಿಯುತ್ತದೆ.